ಕಿಟೆಲ್ ಮತ್ತು ಒಂದು ಪುಸ್ತಕದ ಇಪ್ಪತ್ತು ವರ್ಷ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆ ನಿಮ್ಮ ಕೈ ಸೇರುವ ಮೊದಲು ಹಲವರ ಕೈ ದಾಟಿ ಬಂದಿರುತ್ತದೆ. ಒಬ್ಬರು ಲೇಖನ ಕೇಳಿ ಪಡೆಯಬೇಕು, ಒಬ್ಬರು ಬೆರಳಚ್ಚು ಮಾಡಬೇಕು, ಒಬ್ಬರು ಕರಡು ತಿದ್ದಬೇಕು, ಮತ್ತೊಬ್ಬರು ಅಚ್ಚಿನ ಮನೆಗೆ ಅಲೆಯಬೇಕು. ನೂರಿನ್ನೂರು ಪುಟದ ಸಂಚಿಕೆಗೇ ಇಷ್ಟು ಓಡಾಟ. ಹಾಗಿದ್ದರೆ ಸಾವಿರದ ಏಳ್ನೂರು ಪುಟಗಳಿಗೂ ಮಿಗಿಲಾದ, ಸುಮಾರು 70,000 ಪದಗಳ ಒಂದು ಪುಸ್ತಕವನ್ನು, ವಿದ್ಯುತ್ತೂ ಕಂಪ್ಯೂಟರೂ ಇಲ್ಲದ ಕಾಲದಲ್ಲಿ, ಹುಟ್ಟಿನಿಂದ ಬಂದ ಭಾಷೆಯಲ್ಲದ ಭಾಷೆಯಲ್ಲಿ ಸಿದ್ಧಮಾಡಿ ಅಚ್ಚಿಗೆ ತಂದ ಮನುಷ್ಯನ ಬದುಕು ಹೇಗಿದ್ದಿರಬೇಕು? ಆ ಪುಸ್ತಕ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟು. ಆ ಮನುಷ್ಯ ಫರ್ಡಿನೆಂಡ್ ಕಿಟೆಲ್.

ಕಿಟೆಲ್ ಎಂದರೆ ನಮಗೆ ಸಾಮಾನ್ಯ ಜ್ಞಾನದ ಪ್ರಶ್ನೆಗೆ ಒಂದು ಅಂಕದ ಉತ್ತರ. ಅವರ ಜೀವನದಲ್ಲಿ ಅದಕ್ಕಿಂತ ಹೆಚ್ಚಿನದು ಇದೆ ಎಂದು ತೋರಿಸುವುದಕ್ಕೆ ಈ ಲೇಖನ.

ಬಾಲ್ಯ ಮತ್ತು ಪಯಣ

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಅವರೂ ನಮ್ಮ ಹಾಗೆ ಹಳ್ಳಿಯ ಹುಡುಗ. ಓದಿನಲ್ಲಿ ಮುಂದಿದ್ದ ಈ ಹುಡುಗನಿಗೆ ಭಾಷೆಗಳ ಹುಚ್ಚು. ಇಂಡಿಯಾಕ್ಕೆ ಹೊರಡುವ ಮೊದಲೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್, ಫ್ರೆಂಚ್ ಭಾಷೆಗಳ ಪರಿಚಯ ಮಾಡಿಕೊಂಡಿದ್ದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಯಲ್ಲಿ ತರಬೇತಿ ಪಡೆದು, 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಕನ್ನಡ ನಾಡಿಗೆ ಬಂದರು.

ಅವರು ಬಂದದ್ದು ಧರ್ಮಪ್ರಚಾರಕ್ಕೆ. ಇದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಪ್ರಚಾರಕ್ಕೆ ಬೇಕಾಗುವಷ್ಟು ಕನ್ನಡ ಕಲಿತು ನಿಲ್ಲಿಸುತ್ತಿದ್ದ ಕಡೆ, ಕಿಟೆಲ್ ನಿಲ್ಲಿಸಲಿಲ್ಲ. ಧಾರವಾಡದ ಕಡೆಯ ಹಳ್ಳಿಗಳಲ್ಲಿ ತಿರುಗಾಡುತ್ತ ಜನರ ಮಾತಿಗೆ ಕಿವಿಗೊಟ್ಟರು. ಆಮೇಲೆ ಮಂಗಳೂರು, ಮಡಿಕೇರಿ ಹೀಗೆ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದರು. ಉತ್ತರ ಕರ್ನಾಟಕದ ಕನ್ನಡ, ಕರಾವಳಿಯ ಕನ್ನಡ, ಕೊಡಗಿನ ಕನ್ನಡ, ಜೊತೆಗೆ ತುಳು ಮತ್ತು ಕೊಡವ ಭಾಷೆಗಳ ಸದ್ದು, ಎಲ್ಲವೂ ಅವರ ಕಿವಿಗೆ ಬಿದ್ದವು. ಒಂದೇ ವಸ್ತುವಿಗೆ ಊರಿಗೊಂದು ಹೆಸರು ಇರುವುದನ್ನು ನಾವು ನಗೆಯಾಡಿ ಬಿಡುತ್ತೇವೆ. ಅವರು ಬರೆದಿಟ್ಟುಕೊಂಡರು.

ಮನೆಯ ಕಡೆ ಸುಖ ಹೆಚ್ಚು ಕಾಲ ಇರಲಿಲ್ಲ. 1860ರಲ್ಲಿ ಪೌಲೀನೆ ಎಂಬ ಜರ್ಮನ್ ಹೆಣ್ಣುಮಗಳೊಂದಿಗೆ ಮದುವೆಯಾಯಿತು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. ಕೆಲವು ವರ್ಷಗಳ ನಂತರ ಆಕೆಯ ಸಹೋದರಿ ಯೂಲಿಯೆಯವರನ್ನು ಕಿಟೆಲ್ ಮದುವೆಯಾದರು.

ಅಚ್ಚುಕೂಟದ ನಂಟು

ಕಿಟೆಲ್ ಬರುವ ಹೊತ್ತಿಗೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟ ಹತ್ತು ವರ್ಷ ದಾಟಿತ್ತು. 1841ರಲ್ಲಿ ಅದು ಶುರುವಾದದ್ದು ಕಲ್ಲಚ್ಚಿನಿಂದ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯ ಅಕ್ಷರ ಮೂಡಿಸಿ ಅದರಿಂದ ಪ್ರತಿ ತೆಗೆಯುವ ವಿಧಾನ ಅದು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ್ದು ಇದೇ ಕಲ್ಲಚ್ಚಿನಲ್ಲಿ. ಹಳೆಯ ಕನ್ನಡ ಕಾವ್ಯಗಳನ್ನು ಬಿಬ್ಲಿಯೊತೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಮೊಗ್ಲಿಂಗ್ ಪ್ರಕಟಿಸಿದ್ದೂ ಹೀಗೆಯೇ. ಅಲ್ಲಿಯವರೆಗೆ ಓಲೆಗರಿಯಲ್ಲಿ, ಮಠದಲ್ಲಿ, ಮನೆಯ ಅಟ್ಟದಲ್ಲಿ ಇದ್ದ ಕಾವ್ಯ ಮೊದಲ ಸಲ ಹತ್ತಾರು ಜನರ ಕೈಗೆ ಒಟ್ಟಿಗೆ ಸಿಕ್ಕಿತು. 1850ರ ದಶಕದಲ್ಲಿ ಅಚ್ಚುಮೊಳೆಗಳು ಬಂದವು.

ಕಿಟೆಲ್ ಈ ಕೆಲಸವನ್ನು ಮುಂದಕ್ಕೆ ಒಯ್ದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಒಂದು ವ್ಯಾಕರಣ, ಒಂದು ಛಂದಸ್ಸು. ಸಂಪಾದನೆ ಎಂದರೆ ಸುಲಭದ ಕೆಲಸವಲ್ಲ. ಓಲೆಗರಿಯಲ್ಲಿ ಪದದಿಂದ ಪದಕ್ಕೆ ಜಾಗ ಬಿಡುವ ಪದ್ಧತಿಯಿಲ್ಲ, ಇಂದಿನ ಲೇಖನ ಚಿಹ್ನೆಗಳಿಲ್ಲ. ನಕಲು ಮಾಡಿದವನ ಕೈತಪ್ಪು ಒಂದು ಪ್ರತಿಯಿಂದ ಇನ್ನೊಂದಕ್ಕೆ ಸಾಗಿ ಬರುತ್ತದೆ. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಸಾಲು ಸಾಲಾಗಿ ಹೋಲಿಸಿ, ಯಾವುದು ಮೂಲ ಪಾಠವಿರಬಹುದು ಎಂದು ತೀರ್ಮಾನಿಸಬೇಕು. ಈ ಎರಡು ಪುಸ್ತಕಗಳ ಕೆಲಸ ಕಿಟೆಲ್ಲರಿಗೆ ಎರಡು ವಿದ್ಯೆ ಕಲಿಸಿತು ಎನ್ನಬಹುದು: ಹಳಗನ್ನಡದ ಪದಗಳ ಒಳಗುಟ್ಟು ಮತ್ತು ಕಷ್ಟದ ಕನ್ನಡವನ್ನು ಅಚ್ಚಿನಲ್ಲಿ ಕೂರಿಸುವ ಬಗೆ. ನಿಘಂಟಿಗೆ ಎರಡೂ ಬೇಕಿದ್ದವು.

ಯಾಕೆ ಇನ್ನೊಂದು ನಿಘಂಟು?

ಕನ್ನಡ-ಇಂಗ್ಲಿಷ್ ನಿಘಂಟು ಆಗ ಇರಲೇ ಇಲ್ಲವೆಂದಲ್ಲ. ವಿಲಿಯಂ ರೀವ್ ಅವರ ನಿಘಂಟು 1832ರಲ್ಲೇ, ಕಿಟೆಲ್ ಹುಟ್ಟಿದ ವರ್ಷವೇ, ಬಂದಿತ್ತು. ಅದರ ಪರಿಷ್ಕೃತ ರೂಪ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಆದರೆ ಕಿಟೆಲ್ಲರಿಗೆ ಬೇಕಾದದ್ದು ಬೇರೆ. ಪದದ ಅರ್ಥ ಕೊಟ್ಟರೆ ಸಾಲದು. ಆ ಪದವನ್ನು ಯಾವ ಕವಿ ಬಳಸಿದ್ದಾನೆ, ಯಾವ ಸೀಮೆಯ ಜನ ಆಡುತ್ತಾರೆ, ಯಾವ ಗಾದೆಯಲ್ಲಿ ಬರುತ್ತದೆ, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು ಎಂಬುದೂ ತಿಳಿಯಬೇಕು. ಅಂದರೆ ಪ್ರತಿ ಪದಕ್ಕೂ ಅದರ ಊರು, ಮನೆತನ, ಬಳಗ ಎಲ್ಲವನ್ನೂ ದಾಖಲೆ ಮಾಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಇಂದು ನಾವು ಬದುಕು ಎಂಬ ಅರ್ಥಕ್ಕೂ ಬಾಳು ಎಂದು ಬರೆಯುತ್ತೇವೆ. ಹಳೆಯ ಕಾವ್ಯದಲ್ಲಿ ಕತ್ತಿಗೂ ಬಾಳ್ ಎಂಬ ಹೆಸರಿದೆ. ಹಳಗನ್ನಡದಲ್ಲಿ ಇವೆರಡಕ್ಕೂ ಅಕ್ಷರವೇ ಬೇರೆ. ಕತ್ತಿ ಬಾಳ್ ಆದರೆ, ಬದುಕು ಬಾೞ್. ಹಾಗೆಯೇ ತಿಳಿಯುವುದಕ್ಕೆ ಅಱಿ, ಕತ್ತರಿಸುವುದಕ್ಕೆ ಅರಿ. ೞ ಮತ್ತು ಱ ಎಂಬ ಈ ಅಕ್ಷರಗಳು ಬಳಕೆಯಿಂದ ಹೋಗಿ ಶತಮಾನಗಳೇ ಆಗಿದ್ದವು. ಕಿಟೆಲ್ ಅವನ್ನು ನಿಘಂಟಿನಲ್ಲಿ ಉಳಿಸಿಕೊಂಡರು. ಹಾಗೆ ಉಳಿಸಿಕೊಂಡರೆ ಪದದ ಬೇರು ಕಾಣುತ್ತದೆ, ತಮಿಳಿನ ನೆಂಟಸ್ತಿಕೆಯೂ ಕಾಣುತ್ತದೆ. ಆದರೆ ಅದರ ಖರ್ಚು ಅಚ್ಚುಕೂಟದ ಪಾಲಿಗೆ. ಮಗುವಿನ ಕಾಗುಣಿತದಲ್ಲೂ ಇಲ್ಲದ ಅಕ್ಷರಕ್ಕೆ, ಅದರ ಎಲ್ಲ ಗುಣಿತಗಳಿಗೂ ಸೇರಿ, ಮೊಳೆ ಬೇಕು.

ಕೆಲಸದ ಲೆಕ್ಕ

1870ರ ದಶಕದಲ್ಲಿ ಹಿಡಿದ ಈ ಕೆಲಸಕ್ಕೆ ಸುಮಾರು ಇಪ್ಪತ್ತು ವರ್ಷ ತಗಲಿತು. ನನ್ನ ಉದ್ಯೋಗದ ಚಟದಿಂದ ಒಂದು ಲೆಕ್ಕ ಹಾಕಿದೆ. ಎಪ್ಪತ್ತು ಸಾವಿರ ಪದಗಳನ್ನು ಇಪ್ಪತ್ತು ವರ್ಷಕ್ಕೆ ಹಂಚಿದರೆ, ಭಾನುವಾರ, ಹಬ್ಬ, ಜ್ವರ, ಪ್ರಯಾಣ ಯಾವುದಕ್ಕೂ ರಜೆಯಿಲ್ಲದೆ, ದಿನಕ್ಕೆ ಹತ್ತಿರ ಹತ್ತಿರ ಹತ್ತು ಪದ. ಹತ್ತೇ ತಾನೇ ಎನಿಸಬಹುದು. ಆದರೆ ಒಂದೊಂದು ಪದಕ್ಕೂ ಕಾವ್ಯದ ಪ್ರಯೋಗ ಹುಡುಕಬೇಕು, ಗಾದೆ ನೆನಪಿಸಿಕೊಳ್ಳಬೇಕು, ನಾಲ್ಕು ಭಾಷೆಗಳಲ್ಲಿ ಹೋಲಿಸಬೇಕು, ಸಂಸ್ಕೃತದಿಂದ ಬಂದದ್ದೋ ಅಚ್ಚಕನ್ನಡವೋ ಎಂದು ವಿಚಾರಿಸಬೇಕು, ಇಂಗ್ಲಿಷಿನಲ್ಲಿ ಸರಿಯಾದ ಅರ್ಥ ಬರೆಯಬೇಕು. ಇಂಗ್ಲಿಷೂ ಅವರ ತಾಯ್ನುಡಿಯಲ್ಲ ಎಂಬುದು ನೆನಪಿರಲಿ. ಒಂದು ಹೊರಗಿನ ಭಾಷೆಯ ಅರ್ಥವನ್ನು ಇನ್ನೊಂದು ಹೊರಗಿನ ಭಾಷೆಯಲ್ಲಿ ಅವರು ಬರೆಯುತ್ತಿದ್ದರು.

ಆಮೇಲೆ ಅಕಾರಾದಿಯಾಗಿ ಜೋಡಿಸುವ ಕೆಲಸ. ಇಂದು ಲಕ್ಷ ಪದಗಳನ್ನು ಒಂದು ಕ್ಷಣದಲ್ಲಿ ಕಂಪ್ಯೂಟರ್ ವಿಂಗಡಿಸುತ್ತದೆ. ಅವರ ಕಾಲದಲ್ಲಿ ಅದು ಕೈ ಮತ್ತು ಕಣ್ಣಿನ ಕೆಲಸ. ನಡುವೆ ಒಂದು ಹೊಸ ಪದ ಸಿಕ್ಕಿದರೆ ಅದರ ಜಾಗ ಹುಡುಕಿ ಸೇರಿಸಬೇಕು. ಒಂದು ಪದದ ವಿವರಣೆ ಇನ್ನೊಂದರ ಕಡೆ ಬೆರಳು ತೋರಿಸಿದರೆ ಆ ಇನ್ನೊಂದು ಪದ ಅಲ್ಲಿ ನಿಜಕ್ಕೂ ಇದೆಯೇ ಎಂದು ನೋಡಬೇಕು.

ಇದನ್ನೆಲ್ಲ ಕಿಟೆಲ್ ಒಬ್ಬರೇ ಮಾಡಿದರೆಂದು ಹೇಳಿದರೆ ಅನ್ಯಾಯವಾದೀತು. ಕನ್ನಡ ಪಂಡಿತರು, ಮುನ್ಷಿಗಳು ಅವರ ಪಕ್ಕದಲ್ಲಿ ಕೂತು ದುಡಿದಿದ್ದಾರೆ. ಹಳ್ಳಿಯ ಗಾದೆ ಹೇಳಿದ ಅಜ್ಜಿಯರು, ನೇಗಿಲಿನ ಭಾಗಗಳಿಗೆ ಹೆಸರು ಹೇಳಿದ ರೈತರು ಇರಲೇಬೇಕು. ಪುಸ್ತಕದ ಮೇಲೆ ಒಬ್ಬರ ಹೆಸರು ಇದೆ, ಒಳಗೆ ಇಡೀ ನಾಡಿನ ಮಾತು ಇದೆ.

ಮಿಷನ್ನಿನ ಒಳಗೂ ಎಲ್ಲರಿಗೂ ಈ ಕೆಲಸ ರುಚಿಸಿರಲಿಲ್ಲ. ಧರ್ಮಪ್ರಚಾರಕ್ಕೆ ಕಳಿಸಿದವನು ಓಲೆಗರಿ ಹಿಡಿದು ಕೂತಿದ್ದಾನಲ್ಲ ಎಂಬ ಅಸಮಾಧಾನ ಇತ್ತು. 1877ರಲ್ಲಿ ಕಿಟೆಲ್ ಜರ್ಮನಿಗೆ ಮರಳಿದರು. ಅಲ್ಲಿ ಕೂತು ಕೆಲಸ ಮುಂದುವರಿಸಿದರೂ ಬೇಗ ಒಂದು ಸಂಗತಿ ಸ್ಪಷ್ಟವಾಗಿರಬೇಕು. ಕನ್ನಡದ ನಿಘಂಟನ್ನು ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಮುಗಿಸಲಾಗದು. ಸಂದೇಹ ಬಂದ ಪದವನ್ನು ಯಾರನ್ನು ಕೇಳುವುದು? 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸಂಸಾರವನ್ನು ಜರ್ಮನಿಯಲ್ಲಿ ಬಿಟ್ಟು ಅವರು ಒಬ್ಬರೇ ಮತ್ತೆ ಇಲ್ಲಿಗೆ ಬಂದರು. ಮರಳಿ ಹೋದದ್ದು 1892ರಲ್ಲಿ. ಒಂಬತ್ತು ವರ್ಷ.

ಈ ಒಂಬತ್ತು ವರ್ಷದ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಬ್ಯಾಚಿನ ಎಷ್ಟೋ ಗೆಳೆಯರು ಇಂದು ಹೊರನಾಡಿನಲ್ಲಿ ಕೆಲಸದಲ್ಲಿದ್ದಾರೆ. ರಾತ್ರಿ ವಿಡಿಯೊ ಕರೆಯಲ್ಲಿ ಮಕ್ಕಳ ಮುಖ ನೋಡುತ್ತಾರೆ, ಆದರೂ ಕರೆ ಮುಗಿದ ಮೇಲೆ ಮನಸ್ಸು ಭಾರವಾಗುತ್ತದೆ ಎನ್ನುತ್ತಾರೆ. ಕಿಟೆಲ್ಲರಿಗೆ ಇದ್ದದ್ದು ಹಡಗಿನಲ್ಲಿ ವಾರಗಟ್ಟಲೆ ಬರುವ ಕಾಗದ. ಆ ಮನೆಯ ಹೆಂಡತಿ ಮಕ್ಕಳೂ ನಮ್ಮ ನಿಘಂಟಿಗೆ ಬೆಲೆ ತೆತ್ತವರೇ. ಇದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಸ್ತಪ್ರತಿಯಿಂದ ಅಚ್ಚಿಗೆ

ನಿಘಂಟು ಅಚ್ಚಾದ ಮಂಗಳೂರಿನ ಅಚ್ಚುಕೂಟಕ್ಕೆ ಇಂಥ ಕೆಲಸ ಹೊಸದಾಗಿರಲಿಲ್ಲ. ಹರ್ಮನ್ ಗುಂಡರ್ಟ್ ಅವರ ಮಲಯಾಳ-ಇಂಗ್ಲಿಷ್ ನಿಘಂಟು 1872ರಲ್ಲಿ, ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಅಲ್ಲಿಂದಲೇ ಬಂದಿದ್ದವು. ಆದರೂ ಕಿಟೆಲ್ ಹಸ್ತಪ್ರತಿ ದೊಡ್ಡ ಹೊರೆ.

ಮೊಳೆ ಜೋಡಣೆಯನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಚಿಕ್ಕವರಿಗಾಗಿ ಹೇಳುತ್ತೇನೆ. ಸೀಸದ ಒಂದೊಂದು ಅಕ್ಷರವೂ ಮರದ ಪೆಟ್ಟಿಗೆಯ ಒಂದೊಂದು ಗೂಡಿನಲ್ಲಿ ಇರುತ್ತದೆ. ಇಂಗ್ಲಿಷಿಗೆ ಕಡಿಮೆ ಗೂಡು ಸಾಕು. ಕನ್ನಡಕ್ಕೆ ಅಕ್ಷರ, ಗುಣಿತ, ಒತ್ತು ಎಲ್ಲ ಸೇರಿ ನೂರಾರು. ಮೊಳೆ ಜೋಡಿಸುವವನು ಹಸ್ತಪ್ರತಿ ನೋಡುತ್ತ ಒಂದೊಂದನ್ನೇ ಆರಿಸಿ, ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರುವ ಅಕ್ಷರಗಳನ್ನು ಸಾಲಾಗಿ ಕೂರಿಸುತ್ತಾನೆ. ಕಿಟೆಲ್ ನಿಘಂಟಿನ ಒಂದೇ ಕಲಂನಲ್ಲಿ ಕನ್ನಡ ಲಿಪಿಯ ಪದ, ಅದರ ಪಕ್ಕ ರೋಮನ್ ಅಕ್ಷರದಲ್ಲಿ ಮೇಲೆ ಗೆರೆ ಕೆಳಗೆ ಚುಕ್ಕಿ ಇಟ್ಟ ಉಚ್ಚಾರಣೆ, ಇಂಗ್ಲಿಷ್ ಅರ್ಥ, ಗ್ರಂಥ ಮತ್ತು ಸೀಮೆಗಳ ಸಂಕ್ಷೇಪಾಕ್ಷರ, ಮತ್ತೆ ಕನ್ನಡದ ಗಾದೆ ಇರುತ್ತವೆ. ಒಂದೇ ಸಾಲಿಗೆ ಹಲವು ಪೆಟ್ಟಿಗೆಗಳ ಕಡೆ ಕೈ ಹೋಗಬೇಕು. ಕೆಳಗಿನ ಒಂದು ಚುಕ್ಕಿ ತಪ್ಪಿದರೆ ಬಾಳ್ ಹೋಗಿ ಬಾಲ್ ಆಗುತ್ತದೆ.

ಜೋಡಿಸಿದ ಮೇಲೆ ಕರಡಚ್ಚು ತೆಗೆಯುತ್ತಾರೆ. ಅದನ್ನು ತಿದ್ದಿದ ಮೇಲೆ ಮತ್ತೆ ಜೋಡಣೆ, ಮತ್ತೆ ಕರಡು. ಒಪ್ಪಿಗೆ ಬಿದ್ದ ಮೇಲೆ ಹಲವು ಪುಟಗಳನ್ನು ಒಂದು ಚೌಕಟ್ಟಿನಲ್ಲಿ ಬಿಗಿದು ಅಚ್ಚು ಒತ್ತುತ್ತಾರೆ. ಒಂದು ಸಲಕ್ಕೆ ಎಂಟು ಪುಟವೆಂದು ಇಟ್ಟುಕೊಂಡರೂ ಈ ಪುಸ್ತಕಕ್ಕೆ ಇನ್ನೂರಕ್ಕೂ ಹೆಚ್ಚು ಸಲ ಈ ಸುತ್ತು ನಡೆಯಬೇಕು. ಮೊಳೆ ಅಚ್ಚಿನ ಮುಖ್ಯ ಕಟ್ಟುಪಾಡು ಇಲ್ಲಿದೆ. ಸಾವಿರಾರು ಪುಟಗಳನ್ನು ಜೋಡಿಸಿ ಹಾಗೆಯೇ ಇಟ್ಟಿರುವಷ್ಟು ಸೀಸ ಯಾವ ಅಚ್ಚುಕೂಟದಲ್ಲೂ ಇರುವುದಿಲ್ಲ. ಅಚ್ಚಾದ ಪುಟಗಳ ಮೊಳೆ ಕಳಚಿ, ತೊಳೆದು, ಗೂಡಿಗೆ ಹಾಕಿ, ಅದರಿಂದಲೇ ಮುಂದಿನ ಪುಟ ಕಟ್ಟುತ್ತಾರೆ. ಅಂದರೆ ಅಕಾರದ ಪುಟಗಳು ಅಚ್ಚಾಗಿ ಮೊಳೆ ಕಳಚಿದ ಮೇಲೆ, ಹಕಾರದಲ್ಲಿ ಏನೋ ಹೊಳೆಯಿತು ಎಂದು ಹಿಂದಕ್ಕೆ ಹೋಗಿ ತಿದ್ದುವ ಹಾಗಿಲ್ಲ.

ನಾವು ಸಾಫ್ಟ್‌ವೇರ್ ಬಿಡುಗಡೆ ಮಾಡುತ್ತೇವೆ. ದೋಷ ಕಂಡರೆ ವಾರದಲ್ಲಿ ತಿದ್ದುಪಡಿ ಕಳಿಸುತ್ತೇವೆ. ಈ ಅನುಕೂಲ ಒಳ್ಳೆಯದೇ. ಆದರೆ ಅದು ಇಲ್ಲದ ಕಾಲದಲ್ಲಿ ಎಚ್ಚರ ಎಲ್ಲಿ ಇರಬೇಕಾಗಿತ್ತು ನೋಡಿ. ಅಚ್ಚಿನ ಮನೆಗೆ ಹೋಗುವ ಮೊದಲೇ ಇಡೀ ಪುಸ್ತಕ ಮನಸ್ಸಿನಲ್ಲಿ ಮುಗಿದಿರಬೇಕಾಗಿತ್ತು. ಯಾವ ಪದಕ್ಕೆ ಯಾವ ಕ್ರಮ, ಯಾವ ಗ್ರಂಥಕ್ಕೆ ಯಾವ ಸಂಕ್ಷೇಪ, ಸಂದೇಹವಿರುವ ಪದವನ್ನು ಹೇಗೆ ಗುರುತಿಸುವುದು ಎಂಬ ನಿಯಮಗಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಆಗಿರಬೇಕಾಗಿತ್ತು.

1892ರಲ್ಲಿ ಕಿಟೆಲ್ ಜರ್ಮನಿಗೆ ಮರಳಿ ಟ್ಯೂಬಿಂಗನ್ ಪಟ್ಟಣದಲ್ಲಿ ನೆಲೆಸಿದರು. 1894ರಲ್ಲಿ ಪುಸ್ತಕ ಮಂಗಳೂರಿನಲ್ಲಿ ಹೊರಬಂತು. ಅದಕ್ಕೆ ಅವರು ಬರೆದ ದೀರ್ಘ ಮುನ್ನುಡಿಯಲ್ಲಿ ಒಂದು ಮುಖ್ಯ ವಿಚಾರವಿದೆ. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಪಡೆದಿರುವುದನ್ನು ಎಲ್ಲರೂ ಬಲ್ಲರು. ಸಂಸ್ಕೃತವೂ ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ಪದಗಳ ಒಂದು ಪಟ್ಟಿಯನ್ನೇ ಕಿಟೆಲ್ ಅಲ್ಲಿ ಕೊಟ್ಟರು. ಎಲ್ಲವನ್ನೂ ಇಂದಿನ ವಿದ್ವಾಂಸರು ಒಪ್ಪಲಾರರು. ಆದರೆ ಕೊಡುವ ಕೈ ನಮ್ಮದೂ ಆಗಿತ್ತು ಎಂದು ಆ ಕಾಲದಲ್ಲಿ ವಿಚಾರ ಎತ್ತಿದ್ದು ಸಣ್ಣದಲ್ಲ.

ಕೊನೆಯ ವರ್ಷಗಳು ಮತ್ತು ನಂತರ

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್ಲರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರು ಅಲ್ಲಿಗೆ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಕನ್ನಡದ ಒಂದು ದೊಡ್ಡ ವ್ಯಾಕರಣ ಬರೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಗ್ರಂಥ ಅದು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ಕಿಟೆಲ್ ತೀರಿಕೊಂಡರು. ಆಗ ಅವರಿಗೆ 71 ವರ್ಷ.

ನಿಘಂಟಿಗೆ ಮಿತಿಗಳಿಲ್ಲವೇ? ಇವೆ. ಕವಿರಾಜಮಾರ್ಗ ಮತ್ತು ಪಂಪಭಾರತ ಮೊದಲ ಸಲ ಅಚ್ಚಾದದ್ದು 1898ರಲ್ಲಿ, ಅಂದರೆ ನಿಘಂಟು ಬಂದು ನಾಲ್ಕು ವರ್ಷದ ಮೇಲೆ. ಶಾಸನಗಳ ಸಂಪುಟಗಳು ಆಗ ತಾನೇ ಬರಲು ಶುರುವಾಗಿದ್ದವು. ವಡ್ಡಾರಾಧನೆ ಅಚ್ಚಾಗಿ ಬಂದದ್ದು ಇನ್ನೂ ಎಷ್ಟೋ ಕಾಲದ ನಂತರ. ಹೀಗಾಗಿ ಮುಂದಿನವರಿಗೆ ಕೆಲಸ ಉಳಿಯಿತು. ಮರಿಯಪ್ಪ ಭಟ್ಟರು ಕಿಟೆಲ್ ಕೋಶವನ್ನು ಪರಿಷ್ಕರಿಸಿ, ಅದು ಮದ್ರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ಬಂತು. ಕನ್ನಡ ಸಾಹಿತ್ಯ ಪರಿಷತ್ತು ಕನ್ನಡ-ಕನ್ನಡ ನಿಘಂಟನ್ನು ಎಂಟು ಸಂಪುಟಗಳಲ್ಲಿ ತಂದಿತು. ಅದರ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ. ಸರಕಾರದ ನೆರವು, ವಿದ್ವಾಂಸರ ಮಂಡಳಿ ಇದ್ದೂ ಅಷ್ಟು ವರ್ಷ ಬೇಕಾಯಿತು ಎಂದರೆ ಕಿಟೆಲ್ ಹೊತ್ತ ಹೊರೆ ಎಷ್ಟಿತ್ತೆಂದು ಊಹಿಸಬಹುದು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬಳಿ ಪ್ರತಿಮೆಯಿದೆ.

ನಮ್ಮ ಶಾಲೆಯ ಮಟ್ಟಿಗೆ ನನ್ನದೊಂದು ಕೋರಿಕೆ ಇದೆ. ಕಿಟೆಲ್ಲರಿಗೆ ಸಿಗದೆ ಹೋದ ಪದಗಳು ಪುಸ್ತಕದಲ್ಲಿ ಮಾತ್ರ ಇದ್ದವು ಎಂದುಕೊಳ್ಳಬೇಡಿ. ನಮ್ಮ ಊರಿನ ಕಣದಲ್ಲಿ, ಗಾಣದಲ್ಲಿ, ಕುಂಬಾರರ ತಿಗುರಿಯ ಸುತ್ತ, ನೇಕಾರರ ಮಗ್ಗದ ಗುಂಡಿಯಲ್ಲಿ, ಹೆರಿಗೆ ಮಾಡಿಸುತ್ತಿದ್ದ ಅಜ್ಜಿಯರ ಬಾಯಲ್ಲಿ ಇದ್ದ ಎಷ್ಟೋ ಪದಗಳನ್ನು ಯಾರೂ ಬರೆದುಕೊಂಡಿಲ್ಲ. ಎತ್ತಿನ ಬಂಡಿ ಹೋದಾಗ ಬಂಡಿಯ ಹತ್ತಾರು ಭಾಗಗಳ ಹೆಸರೂ ಹೋಗುತ್ತವೆ. ಅವನ್ನು ಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಒಂಬತ್ತನೆಯ ತರಗತಿಯ ಮಕ್ಕಳು ತಲಾ ಒಂದು ನೋಟ್‌ಪುಸ್ತಕ ಹಿಡಿದು ತಮ್ಮ ಮನೆಯ ಹಿರಿಯರಿಂದ ವಾರಕ್ಕೆ ಐದು ಪದ ಬರೆದು ತರಲಿ: ಪದ, ಅರ್ಥ, ಅದನ್ನು ಬಳಸುವ ಒಂದು ವಾಕ್ಯ, ಹೇಳಿದವರ ಹೆಸರು ಮತ್ತು ಓಣಿ. ಕನ್ನಡ ಮೇಷ್ಟ್ರು ನೋಡಿ ಸರಿಪಡಿಸಲಿ. ಅಕಾರಾದಿಯಾಗಿ ಜೋಡಿಸಿ ಪುಸ್ತಕರೂಪಕ್ಕೆ ತರುವ ಕೆಲಸ ನಮ್ಮಂಥ ಹಳೆಯ ವಿದ್ಯಾರ್ಥಿಗಳಿಗೆ ಬಿಡಿ. ನಲವತ್ತು ಮಕ್ಕಳು ಮೂವತ್ತು ವಾರ ಬರೆದರೆ ಆರು ಸಾವಿರ ಆಗುತ್ತದೆ. ಅದರಲ್ಲಿ ಬಂದದ್ದೇ ಬಂದದ್ದು ಬಹಳ ಇರುತ್ತದೆ. ಅದನ್ನೆಲ್ಲ ಕಳೆದು ಇನ್ನೂರೇ ಉಳಿದರೂ, ಆ ಇನ್ನೂರು ಪದ ನಮ್ಮ ಊರಿನವು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಶುರುಮಾಡೋಣ. ನೋಟ್‌ಪುಸ್ತಕಗಳ ಖರ್ಚು ನಮ್ಮ ಬ್ಯಾಚಿನದು.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್